ಎರಡು ರೊಟ್ಟಿಯ ಖಾರ

ಹೋಟೆಲಿನಲ್ಲಿ ಮಿರ್ಚಿ ಭಜಿ ಮುರಿಯುತ್ತ, ಹಣೆಯ ಬೆವರು ಒರೆಸಿಕೊಳ್ಳುತ್ತ, 'ನಮ್ಮ ಕಡೆ ಖಾರ ಅಂದ್ರ ಖಾರ!' ಎಂದು ಎದೆ ತಟ್ಟಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ತಟ್ಟಿಕೊಳ್ಳಲಿ. ಅವರ ಹೆಮ್ಮೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಬೇವೂರಿನ ನಮ್ಮ ಕೇರಿಯಲ್ಲಿ ಖಾರ ರುಚಿಗೆಂದು ಇರಲಿಲ್ಲ. ಅದೇ ಪಲ್ಯ, ಅದೇ ಸಾರು, ಅದೇ ಕಾಳು. 'ಇವತ್ತೇನ್ ಪಲ್ಯೆ?' ಎಂದು ನಮ್ಮಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿ ಮಾಡುವುದಾದರೂ ಏನು?

ಒಂದು ಬ್ಯಾಸಗಿಯ ರಾತ್ರಿ ನನಗೆ ಮರೆಯದು. ನಾನಾಗ ನಾಲ್ಕನೇ ಇಯತ್ತೆ. ಹೊಲದ ಕೆಲಸ ನಿಂತಿತ್ತು. ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಹೋದ ಅಪ್ಪನಿಂದ ರೊಕ್ಕ ಬಂದಿರಲಿಲ್ಲ. ಅವ್ವ ಒಳ್ಳಿನಲ್ಲಿ ಒಣಮೆಣಸಿನಕಾಯಿ, ಉಪ್ಪು, ನಾಲ್ಕು ಎಸಳು ಬಳ್ಳೊಳ್ಳಿ ಹಾಕಿ ಕುಟ್ಟುತ್ತಿದ್ದಳು. ಆ ಘಾಟಿಗೆ ನಾನೂ ತಂಗಿಯೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಉಣ್ಣಲು ಕೂತರೆ ಮೊದಲ ತುತ್ತಿಗೇ ಕಿವಿ ಗುಂಯ್ ಎಂದಿತು. ಕಣ್ಣು ಮೂಗುಗಳಿಂದ ನೀರು. ತಂಗಿ ನಾಲಿಗೆ ಚಾಚಿ ನಾಯಿಮರಿಯ ಹಾಗೆ ಹಾ ಹಾ ಎನ್ನುತ್ತಿದ್ದಳು.

'ಯವ್ವಾ, ಇವತ್ತ್ಯಾಕ ಇಷ್ಟ್ ಖಾರ ಮಾಡೀದಿ?'

'ಕಾಯೇ ಅಂಥಾವು ಬಂದಾವ, ನಾ ಏನ್ ಮಾಡ್ಲಿ? ನೀರ್ ಕುಡೀರಿ.'

ತಂಗಿಯ ನಾಲಿಗೆಯ ಮೇಲೊಂದು ಹರಳುಪ್ಪು ಇಟ್ಟಳು. ನಾನು ಎರಡು ತಂಬಿಗೆ ನೀರು ಕುಡಿದೆ. ಹೊಟ್ಟೆ ಹಲಗಿಯಂತೆ ಬಿಗಿಯಿತು. ನಾನು ಎರಡು ರೊಟ್ಟಿಗೆ, ತಂಗಿ ಒಂದು ರೊಟ್ಟಿಗೆ ಎದ್ದುಬಿಟ್ಟೆವು. ಬುಟ್ಟಿಯಲ್ಲಿ ಇನ್ನೂ ರೊಟ್ಟಿ ಉಳಿದಿದ್ದವು. ಅವ್ವ ಅವುಗಳ ಮೇಲೆ ಅರಿವೆ ಮುಚ್ಚಿದಳು.

ಮೆಣಸಿನಕಾಯಿ ಬಿಡಿಸುವ ಸುಗ್ಗಿ ಬಂದರೆ ಸಾಲಿ ಬಿಟ್ಟು ನಾನೂ ಅವ್ವನ ಹಿಂದೆ ಹೋಗುತ್ತಿದ್ದೆ. ಉಡಿ ತುಂಬಿದ ಹಾಗೆ ಚೀಲಕ್ಕೆ ಸುರಿಯಬೇಕು. ಮಧ್ಯಾಹ್ನದ ಹೊತ್ತಿಗೆ ಬೆರಳ ಸಂದುಗಳಲ್ಲಿ ಬೆಂಕಿ ಹೊಕ್ಕಿರುತ್ತಿತ್ತು. ಮರೆತು ಕಣ್ಣು ಉಜ್ಜಿಕೊಂಡವನ ಗತಿ ಕೇಳಬೇಡಿ. ಕೂಸಿನ ತಾಯಂದಿರ ಪಾಡು ಇನ್ನೂ ಕೆಟ್ಟದ್ದು. ಎಷ್ಟು ಸಲ ಕೈ ತೊಳೆದರೂ ಹೋಗದ ಉರಿಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ಹೆದರುತ್ತಲೇ ಕೂಸಿಗೆ ಎದೆ ಕೊಡುತ್ತಿದ್ದರು. ಬುತ್ತಿ ಬಿಚ್ಚಿದರೆ ಅಲ್ಲಿಯೂ ಕಟಕಟಿ ರೊಟ್ಟಿ, ಕೆಂಪ್ ಖಾರ. ಒಳಗೂ ಹೊರಗೂ ಒಂದೇ ಉರಿ.

ತಂದ ನೀರು ಮುಗಿದರೆ ಹೊಲದ ಮನೆಯ ಮುಂದೆ ನಿಲ್ಲಬೇಕು. ಬಾಯಿ ಸುಡುತ್ತಿರುವವನಿಗೆ ಕಾಯುವುದೆಂದರೆ ಏನೆಂದು ಅಲ್ಲಿ ಕಲಿತೆ. ಧಣಿಯ ಮನೆಯವರು ಬಂದು, ಕೊಡ ಮುಟ್ಟದಂತೆ ಮೇಲಿನಿಂದ ನೀರು ಬಿಡುತ್ತಿದ್ದರು. ಬೊಗಸೆಯೊಡ್ಡಿ ಕುಡಿದರೆ ನನ್ನ ಅಂಗೈಯ ಖಾರವೂ ನೀರಿನ ಜೊತೆ ತುಟಿಗೆ ಬರುತ್ತಿತ್ತು. ಎಷ್ಟು ಕುಡಿದರೂ ಆರುತ್ತಿರಲಿಲ್ಲ. ಮುಂದೆ ಕಾಲೇಜಿನಲ್ಲಿ, 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದದ್ದನ್ನು ಓದಿದಾಗ ಎಲ್ಲರೂ ಹಕ್ಕು, ಸಮಾನತೆ ಎಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ತುಟಿ ಉರಿದ ಹಾಗಾಯಿತು.

ನಾವು ಬಿಡಿಸಿದ್ದು ಬ್ಯಾಡಗಿ ತಳಿ. ಉಂಡದ್ದು ಅದನ್ನಲ್ಲ. ಮೈತುಂಬ ಸುಕ್ಕಿನ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಉಗುರಿನ ಬಣ್ಣಕ್ಕೂ ಹೋಗುತ್ತದಂತೆ. ನಮ್ಮವ್ವ ಸಂತೆಯಲ್ಲಿ ಕೊಳ್ಳುತ್ತಿದ್ದದ್ದು ಅಗ್ಗದ, ಕಡುಖಾರದ ಗುಂಟೂರ ಕಾಯಿ. 2024ರ ಮಾರ್ಚ್ 11ರಂದು ದರ ಬಿದ್ದದ್ದಕ್ಕೆ ರೈತರು ಸಿಟ್ಟಿಗೆದ್ದು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಅವರ ಸಂಕಟ ಸುಳ್ಳಲ್ಲ. ಆದರೆ ಆ ವಾರ ನಾನು ಓದಿದ ಯಾವ ಸುದ್ದಿಯಲ್ಲೂ ಕಾಯಿ ಬಿಡಿಸಿದ ಹೆಣ್ಣುಮಕ್ಕಳ ಕೂಲಿಯ ಮಾತು ಕಾಣಲಿಲ್ಲ.

ಇನ್ನು ನನ್ನ ಪರಾಕ್ರಮದ ಕತೆ. ಬಿ.ಎ. ಎರಡನೇ ವರ್ಷ. ಕಾಲೇಜಿನ ಎದುರಿನ ಭಜಿ ಅಂಗಡಿಯಲ್ಲಿ ಪಂದ್ಯ ಕಟ್ಟಿದರು: ನೀರು ಮುಟ್ಟದೆ ಹತ್ತು ಹಸಿಮೆಣಸಿನಕಾಯಿ ತಿಂದವನಿಗೆ ನೂರು ರೂಪಾಯಿ. ನಾನು ಹನ್ನೊಂದು ತಿಂದೆ. ಹನ್ನೊಂದನೆಯದನ್ನು ತೊಟ್ಟಿನ ಸಮೇತ ಅಗಿದು ತೋರಿಸಿದೆ. ಹುಡುಗರು ಸಿಳ್ಳೆ ಹಾಕಿದರು. ನನ್ನ ಹೆಸರು ಹಿಡಿದು ಅಷ್ಟು ಜನ ಕೂಗಿದ್ದು ಅದೇ ಮೊದಲು. ಆಗ ಸೋತವನು ನೋಟು ತೆಗೆಯುತ್ತ ಪಕ್ಕದವನಿಗೆ ಅಂದ: 'ಅವರಿಗೇನೋ, ಖಾರಾ ತಿಂದ್ಕೊಂಡಽ ಬೆಳದಿರ್ತಾರ.'

ಅವರಿಗೇನೋ! ಆ ಒಂದು ಮಾತು ಹನ್ನೊಂದು ಕಾಯಿಗಿಂತ ಜೋರಾಗಿ ಹತ್ತಿತು. ನೂರರ ನೋಟು ತೆಗೆದುಕೊಂಡೆ, ಅದನ್ನು ಬಿಡುವಷ್ಟು ಸ್ವಾಭಿಮಾನ ನನಗಾಗ ಇರಲಿಲ್ಲ. ರಾತ್ರಿಯಿಡೀ ಹಾಸ್ಟೆಲಿನ ಬಚ್ಚಲಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ.

ಆಮೇಲೆ ಹಟಕ್ಕೆ ಬಿದ್ದು ಓದಿದೆ. ಖಾರ ಎಂದರೆ ಕ್ಯಾಪ್ಸೈಸಿನ್ ಎಂಬ ವಸ್ತು. ಬೆಂಕಿಯ ಬಿಸಿಯನ್ನು ಅರಿಯುವ ನರದ ಬಾಗಿಲನ್ನೇ ಅದೂ ಬಡಿಯುತ್ತದೆ. ಹಾಗಾಗಿ ಬೆಂಕಿಯಿಲ್ಲದೆ ಸುಡುತ್ತದೆ. 1997ರಲ್ಲಿ ಈ ಬಾಗಿಲನ್ನು ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ, ಗಿಣಿ ನಿಶ್ಚಿಂತೆಯಿಂದ ತಿನ್ನುತ್ತದೆ. ಮುಖ್ಯ ಮಾತು ಇದು: ಖಾರ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ನೀರು ಕುಡಿದರೆ ಆರುವುದಿಲ್ಲ, ಹಾಲು ಮೊಸರು ಬೇಕು. ಅಂದರೆ ಬಾಲ್ಯವಿಡೀ ನಾನು ಕುಡಿದ ತಂಬಿಗೆಗಟ್ಟಲೆ ನೀರು ದಂಡ! ವಿಜ್ಞಾನ ಮೊಸರು ತಿನ್ನು ಅನ್ನುತ್ತದೆ. ಯಾರ ಮನೆಯ ಮೊಸರು ಅಂತ ಅದು ಹೇಳುವುದಿಲ್ಲ. ನಮ್ಮ ಕೇರಿಯಲ್ಲಿ ಹೈನಿನ ಎಮ್ಮೆ ಇದ್ದದ್ದು ಒಂದೇ ಮನೆಯಲ್ಲಿ. ಅವರೂ ಹಾಲನ್ನು ಮಾರುತ್ತಿದ್ದರು.

ಮರುವರ್ಷ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದೆ. ನೋಡಿದವರಿಗೆ ಗೊತ್ತು, ಅಲ್ಲಿ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ರೊಟ್ಟಿ, ಪಲ್ಯೆ, ಕೆಂಪ್ ಖಾರ ನೀಡುತ್ತಾರೆ. ಸಣ್ಣ ಮಣ್ಣಿನ ಕುಡಿಕೆಯಲ್ಲಿ ಮೊಸರು ಮಾರುತ್ತಾರೆ. ಗಿಡದ ನೆರಳಲ್ಲಿ ಕೂತೆ. ಒಬ್ಬ ಮುದುಕಿ ರೊಟ್ಟಿಯ ಮೇಲೆ ಖಾರ ಹಚ್ಚಿ, ಕೇಳದೆಯೇ ಅದರ ಮೇಲೆ ಮೊಸರು ಸುರಿದಳು. ಯಾವ ಊರು, ಯಾರ ಪೈಕಿ ಎಂದು ಕೇಳಲಿಲ್ಲ, ರೊಕ್ಕ ಕೇಳಿದಳು. ನನಗೆ ಅದೇ ದೊಡ್ಡದೆನಿಸಿತು.

ತುತ್ತು ಬಾಯಿಗಿಟ್ಟೆ. ಉರಿಯಲಿಲ್ಲ. ಉರಿ ಇಲ್ಲದ ಜಾಗದಲ್ಲಿ ಇನ್ನೇನೋ ಇತ್ತು: ಬಳ್ಳೊಳ್ಳಿಯ ಘಮ, ಹುಣಸೆಯ ಹುಳಿ, ಕಾಯಿಯದೇ ಒಂದು ಸಿಹಿ. ಇಪ್ಪತ್ತು ವರ್ಷ ಖಾರ ತಿಂದವನಿಗೆ ಖಾರಕ್ಕೊಂದು ರುಚಿ ಇದೆಯೆಂದು ಅವತ್ತು ತಿಳಿಯಿತು. ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಎರಡು ಕುಡಿಕೆ ಮೊಸರು ಕೊಂಡು, ಬಾಯಿಗೆ ಎಲೆ ಕಟ್ಟಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. ಅರ್ಧ ಪ್ಯಾಂಟಿನ ಮೇಲೆ ಚೆಲ್ಲಿತ್ತು.

'ಯವ್ವಾ, ಹಿಂಗ ಉಂಡು ನೋಡು' ಎಂದು ಅವ್ವನ ರೊಟ್ಟಿಯ ಮೇಲಿನ ಖಾರಕ್ಕೆ ಮೊಸರು ಹಾಕಿದೆ. ಕ್ಯಾಪ್ಸೈಸಿನ್ ಭಾಷಣವನ್ನೂ ಬಿಗಿದೆ. ಅವ್ವ ಒಂದು ತುತ್ತು ತಿಂದು ಮುಖ ಸಣ್ಣಗೆ ಮಾಡಿದಳು.

'ಖಾರದ ಸತ್ವಾನಽ ಹೋತಲ್ಲೋ. ಹಿಂಗಾದ್ರ ರೊಟ್ಟಿ ಎಷ್ಟ್ ಬೇಕಾಕ್ಕಾವ!'

'ಬೇಕಾಗ್ಲಿ ಬಿಡ.'

'ಈಗ ಬಿಡು, ಸೊಸೈಟಿ ಅಕ್ಕಿ ಅದಾವ, ನೀನೂ ನಾಕ್ ರೊಕ್ಕ ತರ್ತಿ. ಆವಾಗ? ಮೊಸರಿದ್ದಿದ್ರ ನೀವಿಬ್ರೂ ಐದೈದು ರೊಟ್ಟಿ ಕೇಳ್ತಿದ್ರಿ. ಎಲ್ಲಿಂದ ತರ್ತಿದ್ದೆ? ಹಿಟ್ಟು ತಳಾ ಕಂಡಾಗ ನಾಕ್ ಕಾಯಿ ಜಾಸ್ತಿ ಹಾಕಿ ಕುಟ್ಟತಿದ್ದೆ. ನೀರು ಕುಡದು ಎರಡ ರೊಟ್ಟಿಗೆ ಏಳ್ತಿದ್ರಿ.'

ನಾಚಿಕೆಯಿಲ್ಲ, ದುಃಖವಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಅಂದಳು. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ನಮ್ಮ ಮನೆಯ ಖಾರ ಮೆತ್ತಗಾದದ್ದು ನನಗೆ ನೆನಪಿತ್ತು. ಅವ್ವನಿಗೆ ವಯಸ್ಸಾಯಿತು, ಕುಟ್ಟಲು ಆಗುವುದಿಲ್ಲ ಎಂದುಕೊಂಡಿದ್ದೆ.

ನಾನು ಮೂರನೇ ರೊಟ್ಟಿಗೆ ಕೈ ಹಾಕಿದ್ದೆ. ಕೈ ಅಲ್ಲೇ ನಿಂತಿತು.

'ತಿನ್ನೋ ಯಪ್ಪಾ' ಅಂದಳು ಅವ್ವ, 'ಹಿಟ್ಟೈತಿ.'