ತುಂಡು ಮಾಡಿದ ದೃಶ್ಯ

ಬೆಂಗಳೂರಿನಲ್ಲಿ ನಾಟಕ ಕಲಿಯುತ್ತಿರುವ ಮಗಳು ಕಳೆದ ತಿಂಗಳು ಫೋನ್ ಮಾಡಿದಳು. "ಉಮ್ಮ, ವೆಬ್ ಸೀರೀಸ್‌ನಲ್ಲಿ ಪಾತ್ರ ಸಿಕ್ಕಿದೆ. ಒಂದು ದೃಶ್ಯದಲ್ಲಿ ಬಟ್ಟೆ ಇರುವುದಿಲ್ಲವಂತೆ. ಅದು ಸಬಲೀಕರಣದ ದೃಶ್ಯ ಅಂತಾರೆ. ಉಪ್ಪನಿಗೆ ಈಗಲೇ ಹೇಳಬೇಡ" ಅಂದಳು.

ನಾವಿರುವುದು ಸೋಮಂದೇಪಲ್ಲಿಯಲ್ಲಿ. ಹೆದ್ದಾರಿ ಬದಿಯಲ್ಲಿ ಬೇಕರಿ, ಹೊರಗೆ ತೆಲುಗು, ಮನೆಯೊಳಗೆ ಬ್ಯಾರಿ. ಬೇಡ ಅಂತ ನಾನು ಆಗಲೇ ಹೇಳಿದೆ. ನಮ್ಮ ದೀನ್ ಏನು ಹೇಳುತ್ತದೆಂದು ಅವಳಿಗೂ ಗೊತ್ತು. ಆದರೆ 22 ವರ್ಷದ ಹುಡುಗಿ ಕಾರಣ ಕೇಳುತ್ತಾಳೆ, ಕೇಳಲಿ.

2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಸೇಕ್ರೆಡ್ ಗೇಮ್ಸ್' ಬಂತು. ಅದರಲ್ಲಿ ಕುಕೂ ಪಾತ್ರ ಮಾಡಿದ ಕುಬ್ರಾ ಸೇಠ್ ಬೆಂಗಳೂರಿನವರೇ. ಕುಕೂ ತನ್ನ ದೇಹದ ಗುಟ್ಟನ್ನು ಪ್ರೀತಿಸಿದವನಿಗೆ ತೋರಿಸುವ ದೃಶ್ಯವದು. ಏಳು ಸಲ ಚಿತ್ರೀಕರಿಸಿದರು, ಕೊನೆಗೆ ನೆಲದ ಮೇಲೆ ಬಿದ್ದು ಅತ್ತೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆದರೂ ಆ ಪಾತ್ರದ ಬಗ್ಗೆ ಅವರಿಗೆ ಹೆಮ್ಮೆ. ಅದೇ ಸರಣಿಯ ರಾಜಶ್ರೀ ದೇಶಪಾಂಡೆಯವರದು ಗಂಡ ಹೆಂಡತಿಯ ದೃಶ್ಯ. ಅದನ್ನು ಯಾರೋ ಕತ್ತರಿಸಿ ವಾಟ್ಸಾಪ್‌ಗೆ ಹಾಕಿದರು. ಕಥೆ ಹೋಯಿತು, ಮೈ ಮಾತ್ರ ಫೋನಿಂದ ಫೋನಿಗೆ ಓಡಾಡಿತು. ಬೈಗುಳ ಬಿದ್ದದ್ದು ನಟಿಗೆ. ಜೊತೆಗೆ ನಟಿಸಿದ ಗಂಡಸನ್ನು ಯಾರು ಕೇಳಿದರು? ನಮ್ಮ ಕುಟುಂಬದ ಗ್ರೂಪುಗಳಲ್ಲೂ ಇಂಥವು ಬರುತ್ತವೆ. ಕಳಿಸಿದವರಿಗೆ ಮಾತ್ರ ನಾಚಿಕೆ ಇರುವುದಿಲ್ಲ.

'ಗೇಮ್ ಆಫ್ ಥ್ರೋನ್ಸ್'ನಲ್ಲಿ ಎಮಿಲಿಯಾ ಕ್ಲಾರ್ಕ್ ಡ್ರ್ಯಾಗನ್‌ಗಳ ರಾಣಿ. ತೆರೆಯ ಮೇಲೆ ಅಷ್ಟು ಅಧಿಕಾರ. ಸೆಟ್‌ನಲ್ಲೋ, ಹೊಸಬಳಾದ ತನಗೆ ಬೇಡ ಅನ್ನುವ ಹಕ್ಕಿದೆಯೆಂದೇ ಗೊತ್ತಿರಲಿಲ್ಲ, ಮುಂದೆ ಒಂದು ಹೊದಿಕೆಗಾಗಿ ಜಗಳವಾಡಬೇಕಾಯಿತು ಎಂದು 2019ರಲ್ಲಿ ಹೇಳಿದರು. ಈ ಸಬಲೀಕರಣ ಯಾರದು ಎಂದು ನನಗೆ ಅರ್ಥವಾಗುವುದಿಲ್ಲ. ಎಮಿಲಿ ಮೀಡ್ ಎಂಬ ನಟಿ ಕೇಳಿದ ಮೇಲೆ, 2018ರಲ್ಲಿ ಎಚ್‌ಬಿಒ ಇಂಥ ದೃಶ್ಯಗಳಿಗೆ ಇಂಟಿಮಸಿ ಕೋಆರ್ಡಿನೇಟರ್ ಇರಲೇಬೇಕೆಂದು ನಿಯಮ ಮಾಡಿತು. ನಟಿ ಎಷ್ಟಕ್ಕೆ ಒಪ್ಪಿದ್ದಾಳೋ ಅದಕ್ಕಿಂತ ಹೆಚ್ಚು ನಡೆಯದಂತೆ ನೋಡಿಕೊಳ್ಳುವವರು. ನಮ್ಮ ದೇಶದಲ್ಲೂ ಈಗ ಇದ್ದಾರೆ.

ಮಗಳಿಗೆ ಹೇಳಿದೆ: "ನನ್ನ ಉತ್ತರ ಬೇಡ ಅಂತಲೇ. ನೀನು ಒಪ್ಪುವ ಮೊದಲು ಇಷ್ಟು ಕೇಳು. ಆ ದೃಶ್ಯ ತೆಗೆದರೆ ಕಥೆಗೆ ಏನು ಕಡಿಮೆಯಾಗುತ್ತದೆ? ಆ ಹೊತ್ತಿಗೆ ಕೋಣೆಯಲ್ಲಿ ಯಾರಿರುತ್ತಾರೆ? ಬಳಸದೆ ಉಳಿದ ಚಿತ್ರಣ ಯಾರ ಕೈಯಲ್ಲಿರುತ್ತದೆ? ಕೊನೇ ಗಳಿಗೆಯಲ್ಲಿ ಬೇಡವೆಂದರೆ ಪಾತ್ರ ಉಳಿಯುತ್ತದಾ? ಬಾಯಿಮಾತು ಬೇಡ, ಕಾಗದದಲ್ಲಿ ಕೊಡಲಿ."

ಅವಳು ಬರೆದು ಕೇಳಿದ್ದಾಳೆ. ಮೂರು ವಾರವಾಯಿತು, ಅವರಿಂದ ಉತ್ತರ ಬಂದಿಲ್ಲ. ನಿನ್ನೆ ರಾತ್ರಿ ಅವಳೇ ಉಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.