ದಾರಿಗಳು ಕೂಡುವ ಗೋಣಿಕೊಪ್ಪಲು

ಮೈಸೂರಿನಿಂದ ಹುಣಸೂರು ಮಾರ್ಗವಾಗಿ ಬರುವ ಬಸ್ಸು ಆನೆಚೌಕೂರಿನ ಕಾಡನ್ನು ಹಿಂದಿಕ್ಕಿ ತಿತಿಮತಿಯನ್ನು ದಾಟಿತೆಂದರೆ, ಕಾಫಿಯ ತೋಟಗಳು ಹಾದಿಯ ಇಕ್ಕೆಲಗಳಲ್ಲಿಯೂ ಜೊತೆಗೂಡುತ್ತವೆ. ಮುಂದೆ ಸಿಗುವುದೇ ಗೋಣಿಕೊಪ್ಪಲು. ವಿರಾಜಪೇಟೆಗೆ ಹೋಗುವವರು ಇಲ್ಲಿ ಒಂದು ಲೋಟ ಕಾಫಿ ಕುಡಿದು ಸಾಗುತ್ತಾರೆ. ಕುಟ್ಟದ ಕಡೆಯವರು ಬಸ್ಸು ಬದಲಾಯಿಸುತ್ತಾರೆ. ಮಡಿಕೇರಿಗಿರುವಂತೆ ಇಲ್ಲಿ ಕೋಟೆಯಿಲ್ಲ, ರಾಜರ ಗದ್ದುಗೆಯಿಲ್ಲ. ಆದುದರಿಂದ ನೋಡತಕ್ಕದ್ದೇನೂ ಇಲ್ಲವೆಂದು ಪ್ರವಾಸಿಗಳು ತೀರ್ಮಾನಿಸಿಬಿಡುವುದುಂಟು. ಅದು ಆತುರದ ತೀರ್ಮಾನ.

ಗೋಣಿಯೆಂದರೆ ಆಲದ ಕುಲದ ಮರ, ಕೊಪ್ಪಲೆಂದರೆ ಪುಟ್ಟ ಹಳ್ಳಿ. ಹಳ್ಳಿತನ ಹೆಸರಿನಲ್ಲಿ ಉಳಿದಿದೆಯೇ ಹೊರತು ಪೇಟೆಯಲ್ಲಿಲ್ಲ. ದಕ್ಷಿಣ ಕೊಡಗಿನ ಕಾಫಿ, ಕರಿಮೆಣಸುಗಳ ವ್ಯಾಪಾರವೇ ಇದರ ಜೀವಾಳ.

ಊರವರು ಅತಿಥಿಗಳಿಗೆ ಅಭಿಮಾನದಿಂದ ತೋರಿಸುವ ತಾಣ ಕಾವೇರಿ ಕಾಲೇಜಿನ ಆವರಣ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರಿಬ್ಬರ ಪ್ರತಿಮೆಗಳು 2016ರಲ್ಲಿ ಅಲ್ಲಿ ಅನಾವರಣಗೊಂಡವು. 1949ರ ಜನವರಿ 15ರಂದು ಭಾರತದ ಸೇನೆಯ ಮಹಾದಂಡನಾಯಕತ್ವವನ್ನು ವಹಿಸಿಕೊಂಡ ಮೊದಲ ಭಾರತೀಯರು ಕಾರ್ಯಪ್ಪನವರು. 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು, ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ 1965ರಲ್ಲಿ ದೂರದ ಸೈಪ್ರಸ್ಸಿನಲ್ಲಿ ಕಾಲವಾದರು. ಮಕ್ಕಳು ಪಾಠಕ್ಕೆ ಹೋಗುವಲ್ಲಿ ಇಂಥವರು ನಿಂತಿರುವುದು ಯಾವ ಅರಮನೆಗೆ ಕಡಿಮೆ?

ನವರಾತ್ರಿ ಬಂತೆಂದರೆ ಈ ವ್ಯಾಪಾರದ ಊರಿಗೆ ಬೇರೆಯೇ ಕಳೆ. ಮಡಿಕೇರಿಯ ದಸರೆಯ ಖ್ಯಾತಿ ದೊಡ್ಡದಾದರೂ ಗೋಣಿಕೊಪ್ಪಲಿನವರು ತಮ್ಮದನ್ನು ಅದರ ನೆರಳೆಂದು ಒಪ್ಪುವುದಿಲ್ಲ. ವಿಜಯದಶಮಿಯ ರಾತ್ರಿ ಪುರಾಣದ ಕಥೆಗಳನ್ನು ಹೊತ್ತ ಮಂಟಪಗಳು ದೀಪಗಳ ಝಗಝಗದಲ್ಲಿ ಮುಖ್ಯ ಬೀದಿಯಲ್ಲಿ ಸಾಗುತ್ತವೆ. ಹಗಲೆಲ್ಲ ಲಾರಿಗಳಿಗೆ ಮೀಸಲಾದ ರಸ್ತೆ ಅಂದು ದೇವತೆಗಳದಾಗುತ್ತದೆ.

ಆದರೆ ಊರಿನ ಎಲ್ಲ ಗುರುತುಗಳಿಗಿಂತ ಹಳೆಯದೊಂದನ್ನು ಊರೇ ಮರೆತಂತಿದೆ. ಕೀರೆಹೊಳೆಯು ಪೇಟೆಯ ಪಕ್ಕದಲ್ಲಿಯೇ ಹರಿಯುತ್ತದೆ. ಇದರ ನೀರು ಕಡೆಗೆ ಕಾವೇರಿಗೆ ಸಲ್ಲತಕ್ಕದ್ದು. ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥಕ್ಕೆ ಕೈಯೊಡ್ಡುವ ನಾಡಿನಲ್ಲಿ, ಅದೇ ತಾಯಿಯನ್ನು ಸೇರುವ ಹೊಳೆಗೆ ಪೇಟೆಯ ಕಸ ಬೀಳುತ್ತಿರುವುದು ನೋವಿನ ಸಂಗತಿ. ಮಳೆಗಾಲದಲ್ಲಿ ಹೊಳೆ ಉಕ್ಕಿ ದಡ ಮೀರಿದಾಗ ಜನ ಅದನ್ನು ಶಪಿಸುತ್ತಾರೆ. ಬೇಸಿಗೆಯಲ್ಲಿ ಅದರ ಕಡೆ ತಿರುಗಿಯೂ ನೋಡರು.

ಸಂಜೆಗೆ ಬಿಡುವಿದ್ದವರು ಸಮೀಪದ ಕುಂದ ಬೆಟ್ಟವನ್ನೇರಬಹುದು. ನೆತ್ತಿಯ ಮೇಲೆ ಈಶ್ವರನ ಗುಡಿ. ಕೊಡಗಿನ ಬೋಡು ಹಬ್ಬಗಳ ಸಾಲು ಮೊದಲಾಗುವುದು ಇಲ್ಲಿಂದಲೇ, ತುಲಾ ಮಾಸದಲ್ಲಿ. ಉಳಿದ ದಿನಗಳಲ್ಲಿ ಗಾಳಿಯದೊಂದೇ ಸದ್ದು. ಕೆಳಗೆ ಗದ್ದೆಗಳು, ತೋಟಗಳು, ಅವುಗಳಾಚೆ ಕಾಡಿನ ನೀಲಿ.