ಅಕ್ಕನಲ್ಲಿ ಎಷ್ಟು ಅಕ್ಷರ?

ಕಮಲಾಪುರದಲ್ಲಿ ಟೀಚರಾಗಿರುವ ಅಕ್ಕನ ಮಕ್ಕಳಿಗೆ ಅಕ್ಷರ ಎಣಿಸುವ ಆಟ ಮಾಡಿಕೊಡುತ್ತೇನೆಂದು ಒಪ್ಪಿದ್ದೆ. ಕಲಬುರಗಿಯ ನನ್ನ ಕೋಣೆಯಲ್ಲಿ ಪೈಥಾನ್ ‘ಕಲಬುರಗಿ’ಗೆ 7 ಎಂದಿತು; ಕೊಂಬು, ಗುಡಿಸುಗಳನ್ನೂ ಬಿಡಿಯಾಗಿ ಎಣಿಸಿತ್ತು. 2019ರವರೆಗೆ ಪರ್ಲ್ 6 ಎನ್ನಿಸಿಕೊಂಡಿದ್ದ ರಾಕು ಭಾಷೆ ಹಾಕಿಕೊಂಡೆ. ಏಳಲಿಕ್ಕೇ ತುಸು ಹೊತ್ತು ಬೇಕು ಅದಕ್ಕೆ (ನನಗೂ). ಆದರೆ 5 ಎಂದಿತು! ‘ಕಮಲಾಪುರ’ಕ್ಕೂ 5.

ಭಾನುವಾರ ಲ್ಯಾಪ್‌ಟಾಪ್ ಹೊತ್ತು ಬಸ್ ಹತ್ತಿದೆ. ಕೆಂಪು ಬಾಳೆಹಣ್ಣು ತಿನ್ನುತ್ತಲೇ ಅಕ್ಕನ ಮಗಳು ‘ಅಕ್ಕ’ ಎಂದು ಟೈಪ್ ಮಾಡಿದಳು. 3 ಬಂತು.

“ಮಾಮಾ, ಇದಕ್ಕ ಒತ್ತಕ್ಷರ ಬರಂಗಿಲ್ಲೇನು?”

ಯುನಿಕೋಡ್ ನಿಯಮದಲ್ಲಿ ಕನ್ನಡದ ‘ಕ್’ ಬೇರೆ, ‘ಕ’ ಬೇರೆ. ವಿವರಿಸಲು ಹೊರಟರೆ ಅಕ್ಕ ತಡೆದಳು: “ಮಕ್ಕಳಿಗಿ ತಪ್ಪು ಕಲಸಬ್ಯಾಡಪ್ಪ.”

ಅರ್ಧಾಕ್ಷರ ಕಂಡಲ್ಲಿ ಮುಂದಿನದನ್ನೂ ಕೂಡಿಸುವ ಒಂದು ಸಾಲು ಬರೆದೆ. 2. ಅವಳಾಗಲೇ ‘ಬಸ್’ ಟೈಪ್ ಮಾಡುತ್ತಿದ್ದಳು.